ಸಾಬೂನು ಹಚ್ಚಿ ತೊಳೆದ ರೇಡಿಯೋ

ಕಾದ ಧೂಳಿನ ವಾಸನೆ ಬಂದರೆ ಈಗ ನಮ್ಮ ಮನೆಯಲ್ಲಿ ಯಾರೂ ಗಾಬರಿಯಾಗುವುದಿಲ್ಲ. ಹಳೆಯ ರೇಡಿಯೋ ಬಿಸಿಯಾಗುತ್ತಿದೆ, ಅಷ್ಟೆ. ಒಳಗಿನ ಗಾಜಿನ ವಾಲ್ವುಗಳು ಕಾಯುವವರೆಗೆ ಅದು ಬಾಯಿ ಬಿಡುವುದಿಲ್ಲ. ಅಷ್ಟು ತಾಳ್ಮೆ ನನಗಿದ್ದಿದ್ದರೆ ನಿಮಗೆ ಹೇಳಲು ಏನೂ ಇರುತ್ತಿರಲಿಲ್ಲ.

ಹತ್ತಿಮತ್ತೂರಿನ ನಮ್ಮ ಮನೆಗೆ ಅಪ್ಪ ತಂದ ಆ ರೇಡಿಯೋ, ಅವರು ಹೋದ ಮೇಲೆ ಅಟ್ಟದಲ್ಲಿ ಶೇಂಗಾ ಚೀಲದ ಹಿಂದೆ ಬಿದ್ದಿತ್ತು. ನಾನು ಅದನ್ನು ತಿರುಗಿಯೂ ನೋಡಿದವನಲ್ಲ. ಒಮ್ಮೆ ಶಿಗ್ಗಾಂವಿಯ ಹೆದ್ದಾರಿ ಹೋಟೆಲೊಂದರಲ್ಲಿ ಅಂಥದೇ ರೇಡಿಯೋ ಕಂಡೆ. ಹೊಟ್ಟೆ ಬಗೆದು, ಒಳಗೆ ಬಣ್ಣದ ದೀಪ ಇಟ್ಟು, ಗಿರಾಕಿಗಳು ಫೋಟೋ ತೆಗೆಸಿಕೊಳ್ಳಲೆಂದು ಕೂರಿಸಿದ್ದರು.

‘ಇಂಥಾ ಹಳೇ ಮಾಲಿಗೆ ಈಗ ಭಾಳ ಬೆಲಿ ಐತ್ರಿ,’ ಎಂದ ಗಲ್ಲಾದ ಮೇಲೆ ಕುಳಿತವನು.

ಆ ಕ್ಷಣವೇ ನನ್ನಲ್ಲಿ ಪಿತೃಭಕ್ತಿ ಉಕ್ಕಿ ಬಂತು.

ಜೀರ್ಣೋದ್ಧಾರದ ವಿದ್ಯೆಯನ್ನೆಲ್ಲ ಮೊಬೈಲು ನೋಡಿ, ಒಂದು ಊಟ ಮುಗಿಯುವಷ್ಟರಲ್ಲಿ ಕಲಿತೆ. ಮರಕ್ಕೆ ಪಾಲಿಶ್ ಹೊಡೆದೆ. ಸ್ಟೇಷನ್ನುಗಳ ಹೆಸರಿದ್ದ ಮುಂದಿನ ಗಾಜನ್ನು ಬಿಚ್ಚಿ, ಸಾಬೂನು ನೀರಿನಲ್ಲಿ ನೆನೆಸಿ, ಪಾತ್ರೆ ತಿಕ್ಕುವ ನಾರಿನಿಂದ ತಿಕ್ಕಿದೆ. ಗಾಜು ಥಳಥಳ ಹೊಳೆಯಿತು. ದೆಹಲಿ, ಮುಂಬೈ, ಕೊಲಂಬೊ ಎಲ್ಲವೂ ಬಚ್ಚಲಿನ ಮೋರಿ ಸೇರಿದವು.

ಸವಣೂರಿನ ಇಮಾಮಸಾಬರು ರೇಡಿಯೋ ರಿಪೇರಿಯಲ್ಲೇ ತಲೆ ಬೆಳ್ಳಗೆ ಮಾಡಿಕೊಂಡವರು. ದನಿ ಬಾರದ ರೇಡಿಯೋವನ್ನು ಅವರ ಅಂಗಡಿಗೆ ಒಯ್ದಾಗ, ಮೊದಲು ಗಾಜನ್ನು ಬೆಳಕಿಗೆ ಹಿಡಿದರು.

‘ಯಾರ ತೊಳದ್ರಿ ಇದನ್ನ?’

‘ನಾನರೀ.’

‘ಭಾಳ ಸ್ವಚ್ಛ ಮಾಡೀರಿ. ಒಂದ ಊರೂ ಉಳಿಸಿಲ್ಲ.’

ಸತ್ತ ಕಂಡೆನ್ಸರುಗಳನ್ನು ಬದಲಿಸಿ ಅವರು ದನಿಯನ್ನೇನೋ ಬರಿಸಿದರು. ‘ಬೆಲಿ ಮಾತ್ರ ಹೋತ್ರಿ. ತಗೊಳ್ಳಾವ್ರು ಮೊದಲ ಗಾಜ ನೋಡ್ತಾರ,’ ಎಂದರು.

ಮನೆಗೆ ತಂದು ಅವ್ವನೆದುರು ಇಟ್ಟು ಎಲ್ಲವನ್ನೂ ಒಪ್ಪಿಕೊಂಡೆ, ಮಾರಲು ಹೊರಟಿದ್ದನ್ನೂ. ಬೈಗುಳಕ್ಕೆ ಕಾದು ನಿಂತೆ. ಆಕೆ ಸೆರಗಿನಿಂದ ಕೈ ಒರೆಸಿಕೊಂಡು ಗುಂಡಿ ಹಿಡಿದಳು. ಗೊರಗೊರ ಎಂದಿತು, ಸಿಳ್ಳೆ ಹಾಕಿತು, ತುಸು ಹಿಂದಕ್ಕೆ ತಿರುವಿದೊಡನೆ ಧಾರವಾಡ ಸ್ಪಷ್ಟವಾಗಿ ಮಾತಾಡಿತು.

‘ಹೆಸರ ಇಲ್ಲದ ಹೆಂಗ ಸಿಕ್ತು, ಯವ್ವಾ?’

‘ನನಗ ಓದಾಕ ಯಾವಾಗ ಬರ್ತಿತ್ತೋ? ನಿಮ್ಮಪ್ಪ ಸಂತಿಗೆ ಹ್ವಾದ್ರ ಸಾಕು, ನಾ ಹಚ್ಚಿ ಕುಂದರ್ತಿದ್ದೆ. ಕೈಗೆ ಗೊತ್ತೈತಿ.’

ಆಕೆ ರೇಡಿಯೋ ಕೇಳುತ್ತಿದ್ದಳೆಂಬುದೇ ನನಗೆ ಗೊತ್ತಿರಲಿಲ್ಲ. ಅಟ್ಟಕ್ಕೆ ಹಾಕುವಾಗ ಬೇಕೇ ಎಂದು ನಾನು ಆಕೆಯನ್ನು ಕೇಳಿಯೂ ಇರಲಿಲ್ಲ. ಅದು ಅಪ್ಪನದಲ್ಲವೇ!

ಇಮಾಮಸಾಬರಿಂದ ಸುದ್ದಿ ತಿಳಿದು ಇವತ್ತು ಹುಬ್ಬಳ್ಳಿಯಿಂದ ಹಳೆ ಸಾಮಾನು ಕೊಳ್ಳುವವರೊಬ್ಬರು ಫೋನ್ ಮಾಡಿದ್ದರು. ಗಾಜು ಹಾಳಾದರೂ ಪೆಟ್ಟಿಗೆ ಸಾಕು, ಕೊಡುತ್ತೀರಾ ಎಂದರು.

‘ರೇಡಿಯೋ ನಂದಲ್ರೀ,’ ಎಂದು ಫೋನನ್ನು ಅವ್ವನ ಕಿವಿಗೆ ಹಿಡಿದೆ.

‘ಆಮ್ಯಾಲ ಮಾಡ್ರಿ,’ ಎಂದಳು ಆಕೆ. ‘ಈಗ ಕೇಳಾಕತ್ತೇನಿ.’