ನೀರು ಮುಟ್ಟದೆ ಮೂಡಲಗಿಗೆ

ಮಧ್ಯಾಹ್ನ ಮೂರು ಗಂಟೆಗೆ ಹೊಳೆಯ ಬಣ್ಣ ಬದಲಾಯಿತು. ಹೊತ್ತು ಇಷ್ಟು ಸರಿಯಾಗಿ ನೆನಪಿರುವುದಕ್ಕೆ ಕಾರಣ ಅಕ್ಕ. "ತಮ್ಮಾ, ಎಷ್ಟಾತೋ ನಿನ್ನ ಗಡಿಯಾರದಾಗ?" ಎಂದು ಅವಳು ಮರಳಿನ ದಿಬ್ಬದಿಂದ ಕೂಗಿದಳು. ನಾನು ಮಣಿಕಟ್ಟು ನೋಡಿ "ಮೂರು" ಎಂದೆ. ತಲೆ ಎತ್ತುವಷ್ಟರಲ್ಲಿ ದಿಬ್ಬದ ಸುತ್ತಲಿನ ತಿಳಿನೀರು ಚಹಾದ ಬಣ್ಣಕ್ಕೆ ತಿರುಗಿತ್ತು.

ಬಿ.ಎ. ಪರೀಕ್ಷೆ ಮುಗಿಸಿ ಬೆಳಗಾವಿಯಿಂದ ಹುಕ್ಕೇರಿಗೆ, ಅಲ್ಲಿಂದ ನಮ್ಮೂರು ಘೋಡಗೇರಿಗೆ ಬಂದಿದ್ದೆ. ಎರಡು ದಿನ ಮನೆಯಲ್ಲಿದ್ದು, ಬೇಸಿಗೆ ಕಳೆಯಲು ಮೇಲವಂಕಿಯಲ್ಲಿದ್ದ ಅಕ್ಕ ಚನ್ನವ್ವನ ಮನೆಗೆ ಹೋದೆ. ಆ ದಿನಗಳಲ್ಲಿ ಘಟಪ್ರಭೆ ಎರಡು ಸಣ್ಣ ಕವಲಾಗಿ ಮರಳಿನ ನಡುವೆ ಹರಿಯುತ್ತಾಳೆ. ಆ ಮರಳಿನಲ್ಲೇ ಕಲ್ಲಂಗಡಿ, ಸೌತೆ ಬೆಳೆಯುತ್ತಾರೆ. ಮನೆಮಂದಿ ರೊಟ್ಟಿ ಗಂಟು ಕಟ್ಟಿಕೊಂಡು ಹೋಗಿ ನೀರಾಡಿ, ಉಂಡು, ಹಣ್ಣು ಕೊಯ್ಯಿಸಿಕೊಂಡು ಬರುವುದು ಅಲ್ಲಿಯ ಬೇಸಿಗೆಯ ಮೋಜು. ನಾವೂ ಹೋಗಿದ್ದೆವು: ಅಕ್ಕ, ಅವಳ ಗಂಡ ಶಿವಪ್ಪ ಮಾವ, ನಾನು. ಕಟಿರೊಟ್ಟಿ, ಬದನೆಕಾಯಿ ಎಣ್ಣೆಗಾಯಿ, ಶೇಂಗಾ ಹಿಂಡಿ, ಹಸಿ ಉಳ್ಳಾಗಡ್ಡಿ. ಉಂಡ ಮೇಲೆ ಮಾವನೂ ನಾನೂ ದಂಡೆಯ ಜಾಲಿ ಗಿಡದ ನೆರಳಿಗೆ ಬಂದೆವು. ಹಣ್ಣು ಬಡಿದು ನೋಡುವುದರಲ್ಲಿ ತನ್ನ ಕಿವಿಯೇ ವಾಸಿ ಎಂದು ಅಕ್ಕ ಪಾದ ಮುಳುಗುವಷ್ಟು ನೀರು ದಾಟಿ ದಿಬ್ಬಕ್ಕೆ ಹೋಗಿದ್ದಳು. ಅವಳಿಗೆ ಆಗ ಐದು ತಿಂಗಳು.

ನಮ್ಮ ನೆತ್ತಿಯ ಮೇಲೆ ಒಂದು ಮೋಡವೂ ಇರಲಿಲ್ಲ. ಹಿಂದಿನ ದಿನ ಪಶ್ಚಿಮದ ಕಡೆ ಅಡ್ಡಮಳೆ ಜೋರಾಗಿ ಹೊಡೆದಿತ್ತೆಂದು ಆಮೇಲೆ ತಿಳಿಯಿತು. ನೊರೆ ಬಂತು, ಕಸಕಡ್ಡಿ ಬಂತು, ಹಿಂದೆಯೇ ನೀರು. ಅಕ್ಕ ಹಣ್ಣು ಬಿಟ್ಟು ಓಡಿಬಂದಳು. ಅರ್ಧ ದಾರಿಯಲ್ಲಿ ಸೊಂಟದವರೆಗೆ ಏರಿತು, ಕಾಲು ಕಿತ್ತಿತು. ಮಾವ ತಲೆಯ ಪಟಕಾ ಬಿಚ್ಚಿದರು. ಒಂದು ಕೈಯಲ್ಲಿ ಜಾಲಿಯ ಬೇರು ಹಿಡಿದು ನೀರಿಗಿಳಿದು "ನನ್ನ ನಡ ಹಿಡಿ, ಬಿಡಬ್ಯಾಡ" ಎಂದರು. ನಾನು ಹಿಡಿದೆ. ಮೊದಲ ಸಲ ಎಸೆದ ಪಟಕಾ ಅವಳಿಗಿಂತ ಒಂದು ಮೊಳ ಈಚೆ ಬಿತ್ತು. ಅದನ್ನು ಮತ್ತೆ ಎಳೆದುಕೊಂಡು ಎರಡನೆಯ ಸಲ ಎಸೆಯುವವರೆಗಿನ ಹೊತ್ತನ್ನು ನಾನು ಈಗಲೂ ದಾಟಿಲ್ಲ. ಅವಳ ಮುಖ ಒಮ್ಮೆ ಒಳಗೆ ಹೋಗಿ, ಬೇರೆಯೇ ಜಾಗದಲ್ಲಿ ಮೇಲೆ ಬಂತು.

ಎರಡನೆಯ ಸಲ ಹಿಡಿದಳು. ದಂಡೆಗೆ ಎಳೆದು ಹಾಕಿದಾಗ ಅವಳ ಕೈ ಹೊಟ್ಟೆಗೂ ಹೋಗಲಿಲ್ಲ, ಮೂಗಿಗೂ ಹೋಗಲಿಲ್ಲ, ಎದೆಗೆ ಹೋಯಿತು. ಕೊರಳ ಶಿವದಾರ ಹರಿದು ಕರಡಿಗೆ ಸಮೇತ ಲಿಂಗ ಹೊಳೆಯ ಪಾಲಾಗಿತ್ತು.

ಲಿಂಗಕ್ಕೆ ತೋರಿಸದೆ ನಮ್ಮ ಮನೆಗಳಲ್ಲಿ ನೀರೂ ಬಾಯಿಗೆ ಹೋಗುತ್ತಿರಲಿಲ್ಲ. ಕಳೆದರೆ ಹೊಸದನ್ನು ಗುರುವಿನ ಕೈಯಿಂದಲೇ ಪಡೆಯಬೇಕು. ನನ್ನ ಓರಗೆಯವರಲ್ಲಿ ಈ ನೇಮ ಸಡಿಲಾಗಿತ್ತು. ಅಕ್ಕನಲ್ಲಿ ಆಗಿರಲಿಲ್ಲ. ಮದುವೆಯ ಸುಗ್ಗಿ ನಡೆದಿದ್ದರಿಂದ ಊರಿನ ಅಯ್ಯನವರು ಎಲ್ಲಿಗೋ ಹೋಗಿದ್ದರು. ಸಂಜೆ ಅವಳ ಅತ್ತೆ ತಂಬಿಗೆ ಹಿಡಿದು ಮುಂದೆ ಕೂತರು.

"ನೀನು ನೇಮ ಹಿಡಿ, ಬ್ಯಾಡನ್ನೂದಿಲ್ಲ. ಹೊಟ್ಟ್ಯಾಗಿನ ಕೂಸಿಗೆ ಏನ ನೇಮ ಐತಿ? ಅದಕ್ಕ ಲಿಂಗ ಕಟ್ಟೂದು ಎಂಟನೇ ತಿಂಗಳದಾಗ. ಅದರ ಸಲುವಾಗಿ ಕುಡಿ."

"ಅದೂ ನನ್ನ ಬಾಯಿಲೇನ ಕುಡೀಬೇಕಲ್ರೀ ಅತ್ತಿ," ಎಂದಳು ಅಕ್ಕ.

ಅತ್ತೆ ತಂಬಿಗೆಯನ್ನು ಕೆಳಗಿಟ್ಟರು. ತಾವೂ ಕುಡಿಯಲಿಲ್ಲ.

ಅಕ್ಕನಿಗೆ ಚಿಕ್ಕಂದಿನಲ್ಲಿ ಲಿಂಗ ಕಟ್ಟಿದ ಗುರುಗಳು ಕುಲಗೋಡದಲ್ಲಿದ್ದರು. ಬೇಸಿಗೆಯಲ್ಲಾದರೆ ಹೊಳೆ ದಾಟಿ ನಡೆದು ಹೋಗಬಹುದಾದ ದಾರಿ. ಈಗ ಹೊಳೆ ತುಂಬಿತ್ತು, ಗೋಕಾಕಕ್ಕೆ ಹೋಗಿ ಸೇತುವೆ ದಾಟಿ ಸುತ್ತಿ ಬರಬೇಕು. ಮಾವನ ಭುಜ ಸರಿದು ಕೈ ಎತ್ತಲಾಗುತ್ತಿರಲಿಲ್ಲ. ಬೆಳಗಾಗುತ್ತಲೇ ಅಕ್ಕನನ್ನು ಕರೆದುಕೊಂಡು ನಾನೇ ಹೊರಟೆ.

ಗೋಕಾಕಕ್ಕೆ ಸರ್ವಿಸ್ ಮೋಟಾರಿನಲ್ಲಿ ತಲೆಗೆ ಆರಾಣೆ. ಅಕ್ಕ ಸೆರಗಿನಿಂದ ಮೂಗು ಬಾಯಿ ಮುಚ್ಚಿ ಕೂತಿದ್ದಳು. ಧೂಳಿಗಿರಬೇಕು ಎಂದುಕೊಂಡೆ. ಅದು ಬಾಯಿ ಒಣಗದಿರಲಿ ಎಂದು. ದಾರಿಯಲ್ಲಿ ನನ್ನ ಅಂಗಿಯೊಳಗಿಂದ ಕರಡಿಗೆ ತೆಗೆದು, "ಗುರುಗಳು ಸಿಗೂತನಕ ಇದನ್ನ ಹಾಕೋ" ಎಂದೆ.

ಅವಳು ನನ್ನ ಕೈಯನ್ನು ಹಿಂದಕ್ಕೆ ತಳ್ಳಿದಳು. "ನಿನ್ನ ಜೀವ ನೀ ಬಿಚ್ಚಿ ಕೊಡತೀ. ನಾ ಇಸಕೋಬೇಕೇನು?"

ಒಳಗಿಟ್ಟುಕೊಂಡೆ. ಒಂದೇ ತಾಯಿಯ ಮಕ್ಕಳು, ಒಂದೇ ಬಾಕಿನ ಮೇಲೆ ಮೊಣಕೈ ತಾಗಿಸಿ ಕೂತಿದ್ದೆವು. ಅವಳ ಬಾಯಾರಿಕೆಯಲ್ಲಿ ನನಗೆ ಪಾಲಿರಲಿಲ್ಲ, ನನ್ನ ಹೆದರಿಕೆಯಲ್ಲಿ ಅವಳಿಗೆ ಪಾಲು ಕೊಡುವಂತಿರಲಿಲ್ಲ.

ಗೋಕಾಕದಲ್ಲಿ ಕುಲಗೋಡದ ಮೋಟಾರಿಗೆ ಬಹಳ ಹೊತ್ತು ಕಾದೆವು. ಎದುರಿನ ಅಂಗಡಿಯಲ್ಲಿ ಕರದಂಟಿನ ತಟ್ಟೆಗಳು, ಬಾಗಿಲಲ್ಲಿ ಹಸಿ ಅರಿವೆ ಸುತ್ತಿದ ನೀರಿನ ಕೊಡ. ನನ್ನ ಕಣ್ಣು ಅತ್ತ ಹೋಗುವುದು ಅಕ್ಕನಿಗೆ ಕಂಡಿತು. "ಹೋಗಿ ಏನರ ತಿಂದ ಬಾ. ನಿನ್ನ ಮಾರಿ ನೋಡಾಕ ಆಗವಲ್ಲದು," ಎಂದಳು. ಅಂಗಡಿಯ ಹಿಂದೆ ನಿಂತು ಚುರುಮುರಿ ತಿಂದು, ಎರಡು ಲೋಟ ನೀರು ಕುಡಿದೆ. ಬಾಯಿ ಒರೆಸಿಕೊಂಡು ಬಂದರೂ ಅಂಗಿಯ ಮುಂಭಾಗ ಹಸಿಯಾಗಿತ್ತು. ಅವಳು ಆ ಕಲೆಯನ್ನೇ ನೋಡುತ್ತಿದ್ದಳು.

ಕುಲಗೋಡ ಮುಟ್ಟಿದಾಗ ಬಿಸಿಲು ನೆತ್ತಿಗೆ ಬಂದಿತ್ತು. ಗುರುಗಳ ಮನೆಯ ಬಾಗಿಲಲ್ಲಿ ಅವರ ಹೆಂಡತಿ ಸಂಡಿಗೆ ಇಡುತ್ತಿದ್ದರು. ವಿಷಯ ಕೇಳಿ ಹಿಟ್ಟಿನ ಕೈಯಲ್ಲೇ ಎದ್ದುನಿಂತರು. "ಅಯ್ಯ ನನ್ನವ್ವಾ, ಅವರು ಮೂಡಲಗಿಗೆ ಮದುವಿಗೆ ಹೋಗ್ಯಾರ. ಒಳಗ ಬಂದು ಕುಂದರ್ರಿ, ನಾಳೆ ಬರತಾರ."

"ನಾಳೆತನಕ ಆಗೂದಿಲ್ರೀ," ಎಂದಳು ಅಕ್ಕ. ನಿನ್ನೆಯಿಂದ ಮೊದಲ ಸಲ ಅವಳು ಆಗುವುದಿಲ್ಲ ಎಂದಿದ್ದಳು.

ಆ ಹೊತ್ತಿಗೆ ಮೂಡಲಗಿಗೆ ಮೋಟಾರು ಇರಲಿಲ್ಲ. ಜೋಳದ ಕಣಿಕೆ ಹೇರಿಕೊಂಡು ಅತ್ತ ಹೊರಟಿದ್ದ ಒಂದು ಗಾಡಿ ಸಿಕ್ಕಿತು. ಗಾಡಿಯ ನಿಂಗಪ್ಪ ಮಾತಿನ ಮನುಷ್ಯ. ಅಕ್ಕನಿಗೆ ಮುಂದೆ ನೆರಳಿರುವಲ್ಲಿ ಜಾಗ ಮಾಡಿಕೊಟ್ಟು, ಮೇಲೆ ಹತ್ತಿದ ನನ್ನನ್ನು ನೋಡಿ ನಕ್ಕ. "ಏನ್ರಿ ಸಾಹೇಬ್ರ, ಕಣಿಕಿ ಮ್ಯಾಲೆ ಹಿಂಗ ಬಿಗಿದು ಕುಂದರತಾರೇನು, ಪರೀಕ್ಷಾಕ್ಕ ಕುಂತಂಗ! ಸಡ್ಲ ಬಿಡ್ರಿ. ಬಿದ್ರ ಹೊಲಾನ ಐತಿ ಕೆಳಗ."

ಸ್ವಲ್ಪ ದೂರ ಹೋದ ಮೇಲೆ ಚೀಲದಿಂದ ಎಳೆ ಸೌತೆಕಾಯಿ ತೆಗೆದು ಅಕ್ಕನಿಗೆ ಚಾಚಿದ. "ತಿನ್ನು ತಂಗೆವ್ವ, ತಂಪಾಗ್ತದ." ಅಕ್ಕ ಅದನ್ನು ತೆಗೆದುಕೊಂಡು ಎರಡೂ ಅಂಗೈ ನಡುವೆ ಹೊರಳಿಸಿದಳು, ಮುಖಕ್ಕೆ ಒತ್ತಿಕೊಂಡಳು, ಉಡಿಯಲ್ಲಿ ಇಟ್ಟುಕೊಂಡಳು. ನಾನು ಕಾರಣ ಹೇಳಿದೆ. ಅವನ ನಗು ನಿಂತಿತು. ಅಲ್ಲಿಂದ ಮುಂದೆ ಅವನು ಎತ್ತುಗಳ ಜೊತೆಗಷ್ಟೇ ಮಾತಾಡಿದ: "ನಡೀ ರಾಜಾ, ಬ್ಯಾಗ ನಡೀ, ನಮ್ಮ ಹುಡುಗಿಗೆ ಹಸಿವಾಗೇತಿ."

ಊರು ಇನ್ನೂ ಕಾಣದಿರುವಾಗ ಅಕ್ಕ ಬೆವರುವುದು ನಿಂತಿತು. ತುಟಿಯ ಮೇಲೆ ಬಿಳಿ ಪದರ ಕಟ್ಟಿತ್ತು. ಏನೋ ಹೇಳಹೋದಳು, ನಾಲಿಗೆ ಅಂಟಿತು. ಹೊಟ್ಟೆಯ ಮೇಲೆ ಕೈಯಿಟ್ಟು, ಒಳಗಿನದು ಬಾಗಿಲು ತೆಗೆಯುತ್ತದೇನೋ ಎಂಬಂತೆ ಬೆರಳಿನಿಂದ ಮೆಲ್ಲಗೆ ತಟ್ಟಿದಳು. ಸುತ್ತ ಕೊಯ್ದ ಜೋಳದ ಹೊಲಗಳು, ಒಂದು ಮನುಷ್ಯಪ್ರಾಣಿ ಇಲ್ಲ. ನಿನ್ನೆ ನೀರಿನಿಂದ ಎಳೆದು ತಂದವಳು ಇಂದು ನೀರಿಲ್ಲದೆ ಹೋಗುತ್ತಾಳೆ ಎಂದು ನನಗೆ ಖಾತ್ರಿಯಾಗಿತ್ತು. ಹೇಳಿಕೊಳ್ಳಲು ಯಾರೂ ಇರಲಿಲ್ಲ. ಪಟಕಾ ಒಂದು ಮೊಳ ಈಚೆ ಬೀಳುವುದನ್ನು ಮತ್ತೆ ಮತ್ತೆ ನೋಡುತ್ತ ಕೂತೆ.

ಮೂಡಲಗಿಯ ಮದುವೆ ಮನೆಯ ಹಂದರದಲ್ಲಿ ಪಂಕ್ತಿ ನಡೆದಿತ್ತು. ಗುರುಗಳು ಊಟಕ್ಕೆ ಕೂತಿದ್ದರು. ಎಪ್ಪತ್ತು ದಾಟಿದವರು. ಸಂಗತಿ ಕೇಳಿ ಎಡೆಯಿಂದ ಕೈ ತೆಗೆದು ಎದ್ದರು. ಹೆಂಗಸರು ಅಕ್ಕನನ್ನು ಹಿತ್ತಲ ಬಾವಿಗೆ ಕರೆದೊಯ್ದು ತಲೆಯ ಮೇಲೆ ನೀರು ಸುರಿದರು. ಅಷ್ಟು ಹೊತ್ತೂ ಅವಳು ತುಟಿ ಬಿಗಿಹಿಡಿದೇ ಇದ್ದಳೆಂದು ಅವರಲ್ಲೊಬ್ಬಳು ಬಂದು ಹೇಳಿದಳು. ಮದುವೆಗೆಂದು ತಂದ ಲಿಂಗಗಳಲ್ಲಿ ಒಂದನ್ನು ಗುರುಗಳು ಪೂಜಿಸಿ ಅವಳ ಅಂಗೈಗಿಟ್ಟರು, ಕಿವಿಯಲ್ಲಿ ಮಂತ್ರ ಹೇಳಿದರು. ಬಟ್ಟಲಲ್ಲಿ ನೀರು ಬಂತು. ಲಿಂಗಕ್ಕೆ ತೋರಿಸಿದಳು. ಕುಡಿದಳು. ಗಂಟಲು ಏರಿಳಿಯುವುದನ್ನು ಹಂದರದ ಹೆಂಗಸರೆಲ್ಲ ನಿಂತು ನೋಡಿದರು.

"ಬಸರ ಹೆಂಗಸು," ಎಂದರು ಗುರುಗಳು, ಈಗ ಸಿಟ್ಟಾಗಿ. "ಕುಡದು ಬಂದಿದ್ರ ಶಿವ ಏನ ಸಿಟ್ಟಾಗ್ತಿದ್ದನೇನ ಚನ್ನವ್ವ?"

"ಶಿವ ಆಗ್ತಿರಲಿಲ್ರಿ. ನಾ ಆಗ್ತಿದ್ದೆ."

ಗುರುಗಳು ಬಡಿಸುವವರ ಕಡೆ ತಿರುಗಿ, "ಗೋದಿ ಹುಗ್ಗಿ ತರ್ರಿ. ಕೈ ಹಿಡದು ಹಾಕಬ್ಯಾಡ್ರಿ," ಎಂದರು. ಅಕ್ಕ ಮೊದಲು ಬಗ್ಗಿ ಬಗ್ಗಿ ತಿಂದಳು. ಆಮೇಲೆ ನೆಟ್ಟಗೆ ಕೂತು, "ಇನ್ನೊಂದ ಸವಟು ಹಾಕ್ರಿ. ಇಬ್ಬರದೀವಿ," ಎಂದಳು. ಪಂಕ್ತಿಯೆಲ್ಲ ನಕ್ಕಿತು. ಹಂದರದ ಮೂಲೆಯಲ್ಲಿ ಚಾಪೆ ಹಾಸಿಕೊಟ್ಟರು. ವಾಲಗದ ಸದ್ದಿನಲ್ಲೇ ಅವಳು ನಿದ್ದೆಹೋದಳು. ನಾನು ಪಕ್ಕದಲ್ಲಿ ಕೂತು ಉಸಿರು ನೋಡುತ್ತಿದ್ದೆ.

ಮರುದಿನ ಅವಳನ್ನು ಮೇಲವಂಕಿಗೆ ಮುಟ್ಟಿಸಿ, ಒಬ್ಬನೇ ಹುಕ್ಕೇರಿಯ ಹಾದಿ ಹಿಡಿದೆ. ಸೇತುವೆಯಿಂದ ಕಂಡ ಹೊಳೆ ಆಗಲೇ ಎರಡು ಕವಲಾಗಿ ಸೊರಗಿತ್ತು. ಘೋಡಗೇರಿಯಲ್ಲೂ ಅದೇ ಹೊಳೆ. ಊರವರು ಮಾವನ ಪಟಕಾದ ಸುದ್ದಿ ಕೇಳಿದರು, ಅಕ್ಕನ ನೇಮದ ಸುದ್ದಿ ಕೇಳಿದರು, ಮೆಚ್ಚಿ ತಲೆದೂಗಿದರು. ನಾನು ಎರಡನ್ನೂ ಚೆನ್ನಾಗಿಯೇ ಹೇಳಿದೆ. ರಾತ್ರಿ ಮಾತ್ರ ಕಣ್ಣು ಮುಚ್ಚಿದೊಡನೆ ಆ ಮುಖ ಒಳಗೆ ಹೋಗುತ್ತಿತ್ತು. ಮೇಲೆ ಬರುವ ಮೊದಲೇ ಎಚ್ಚರವಾಗುತ್ತಿತ್ತು. ಮಳೆಗಾಲ ಹಿಡಿದರೂ ಹೀಗೆಯೇ. ಮುಳುಗಿದ್ದು ನಾನಲ್ಲ, ಉಪವಾಸವಿದ್ದದ್ದೂ ನಾನಲ್ಲ. ನನಗೇನಾಗಿದೆ ಎಂದು ಯಾರಿಗೆ ಹೇಳಲಿ?

ಏಳು ತುಂಬಿದ ಮೇಲೆ ಅಕ್ಕ ಬಾಣಂತನಕ್ಕೆ ತವರಿಗೆ ಬಂದಳು. ಹೊರಗೆ ಸೋನೆ. ಪಡಸಾಲೆಯಲ್ಲಿ ಕೂತು ಇಬ್ಬರೂ ರಾಜಗಿರಿ ಸೊಪ್ಪು ಸೋಸುತ್ತಿದ್ದೆವು. ಅವಳು ದಂಟು ಮುರಿಯುತ್ತಲೇ ಕೇಳಿದಳು:

"ತಮ್ಮಾ, ನಾ ಒಳಗಿದ್ದೆ. ನನಗೇನೂ ಕಾಣಲಿಲ್ಲ. ನಿನಗ ಕಂಡಿತಲ್ಲ, ದಂಡಿ ಮ್ಯಾಲಿಂದ. ಹೆಂಗಿತ್ತು?"

ಹೇಳಿದೆ. ಮೊದಲ ಎಸೆತದಿಂದ ಎರಡನೆಯದರವರೆಗೆ, ಒಂದೂ ಬಿಡದೆ. ಅವಳು ಸೊಪ್ಪು ಬಿಟ್ಟು ಕೇಳಿದಳು. ಕೊನೆಗೆ, "ಅಷ್ಟೊತ್ತ ಆತೇನು?" ಎಂದಳು. "ನಾ ಬರೇ ಒಂದ ಉಸರು ಅಂತ ತಿಳಕೊಂಡಿದ್ದೆ."

ಅವ್ವ ಒಳಗಿಂದ "ಸೊಪ್ಪು ಎಲ್ಲಿ ತನ ಬಂತು?" ಎಂದು ಕೂಗಿದಳು. ಸಾರು, ರೊಟ್ಟಿ ಉಂಡು ಬೇಗ ಮಲಗಿದೆ. ಎದ್ದಾಗ ಮಳೆ ನಿಂತು ಅಂಗಳದ ತುಂಬ ಬಿಸಿಲಿತ್ತು, ದನಗಳು ಆಗಲೇ ಮೇಯಲು ಹೋಗಿದ್ದವು.