ಮೊದಲ ಲೋಟ ನೀವೇ ಕುಡಿಯಿರಿ

ನಮ್ಮ ಬೀದಿಗೆ ನೀರು ಬಿಡುವವರನ್ನು ಎಲ್ಲರೂ ನಲ್ಲಿ ಚಾಚಾ ಎನ್ನುತ್ತಿದ್ದೆವು. ಇಪ್ಪತ್ತೆರಡು ವರ್ಷ, ದಿನ ಬಿಟ್ಟು ದಿನ, ಬೆಳಿಗ್ಗೆ ಏಳಕ್ಕೆ ಸೈಕಲ್ಲಿಗೆ ಉದ್ದನೆಯ ಕಬ್ಬಿಣದ ಕೀಲಿ ಕಟ್ಟಿಕೊಂಡು ಬಂದು, ಗುಂಡಿಯ ಮುಚ್ಚಳ ಎತ್ತಿ ವಾಲ್ವ್ ತಿರುಗಿಸುತ್ತಿದ್ದರು. ಕೊಡದ ಸಾಲಿನಲ್ಲಿ ನಾವು ಜುಟ್ಟು ಹಿಡಿದರೆ, "ಸಾಕು ತಾಯಂದಿರೇ, ನೀರು ಹೆದರ್ಕೊಂಡು ವಾಪಸ್ ಹೋಗುತ್ತೆ" ಎಂದು ನಗಿಸುತ್ತಿದ್ದರು.

ಆಮೇಲೆ ಫೋನಿಗೆ ಒಂದು ಸುದ್ದಿ ಬಂತು. ಎಲ್ಲೋ ಒಬ್ಬ ಮುಸಲ್ಮಾನ ನೀರಿನ ಟ್ಯಾಂಕಿಗೆ ವಿಷ ಹಾಕಿದನಂತೆ. ಯಾವ ಊರು, ಯಾರು ಸತ್ತರು, ಒಂದೂ ಇಲ್ಲ. ಆದರೂ ನನ್ನ ಎದೆ ಧಸಕ್ಕೆಂದಿತು, ಸುಳ್ಳೇಕೆ ಹೇಳಲಿ. ಚಾಚಾರ ಜೇಬು ಉಬ್ಬಿದೆಯಾ, ಗುಂಡಿಗೆ ಬಗ್ಗಿದಾಗ ಕೈ ಎಲ್ಲಿ ಹೋಯಿತು, ಎಲ್ಲ ಗಮನಿಸತೊಡಗಿದೆ. ಧರ್ಮ ಕಾಯುತ್ತೇವೆಂದು ದಳ ಕಟ್ಟಿಕೊಂಡವರು ಚಾಚಾರ ತಮ್ಮನ ಹೊಲಿಗೆ ಅಂಗಡಿ ಸುಟ್ಟು ವಾರವೂ ಆಗಿರಲಿಲ್ಲ. ಅದಕ್ಕೆ ಇವರು ಸೇಡು ತೀರಿಸಿಕೊಂಡಾರು ಅನ್ನೋ ಭಯವೂ ನಮ್ಮದೇ!

"ಚಾಚಾ, ಮೊದಲ ಲೋಟ ನೀವೇ ಕುಡಿದುಬಿಡಿ, ನಮಗೂ ನೆಮ್ಮದಿ" ಎಂದವಳು ನಾನೇ. ಬುದ್ಧಿವಂತಿಕೆ ನೋಡಿ! ಅವರು ಕುಡಿದರು. ಈ ಉಪಾಯ ಬೀದಿಯಿಂದ ಬೀದಿಗೆ ಹಬ್ಬಿತು. ಹನ್ನೊಂದು ಬೀದಿ, ಹನ್ನೊಂದು ಲೋಟ.

"ನನ್ನ ಹೊಟ್ಟೇನೇ ಟ್ಯಾಂಕ್ ಆಯ್ತಲ್ಲಮ್ಮ" ಎಂದು ನಕ್ಕರು. ನಾವು ನಗಲಿಲ್ಲ. ನೀರು ಗಂಟಲಿಗಿಳಿಯಿತಾ ಎಂದು ನೋಡುತ್ತಿದ್ದೆವು.

ಅವರ ಉಪವಾಸದ ತಿಂಗಳು ಬಂತು. ಆ ಬೆಳಿಗ್ಗೆ ಚಾಚಾ ಲೋಟ ಮುಟ್ಟಲಿಲ್ಲ.

"ಇವತ್ತಿಂದ ಸಂಜೆವರೆಗೂ ಹನಿ ನೀರೂ ಕುಡಿಯೋ ಹಾಗಿಲ್ಲ. ನಿಮಗೇ ಗೊತ್ತಲ್ಲಮ್ಮ."

ಗೊತ್ತಿತ್ತು. ಇಪ್ಪತ್ತೆರಡು ವರ್ಷ ನೋಡಿದ್ದೆವು. ಆದರೆ ದಳದವರಿಬ್ಬರು ಅಲ್ಲೇ ನಿಂತಿದ್ದರು.

"ಇವತ್ತೇ ಯಾಕೋ ಬೇಡ? ಏನು ಬೆರೆಸಿದ್ದೀಯ?" ಎಂದ ಒಬ್ಬ. ಇನ್ನೊಬ್ಬ ಕೀಲಿ ಕಿತ್ತುಕೊಂಡು ಚಾಚಾರ ತಲೆಯ ಮೇಲೆ ಎತ್ತಿ ಹಿಡಿದ.

ನಾನು ಕುಡೀತೀನಿ ಬಿಡಿ ಎಂಬ ಮಾತು ನನ್ನ ನಾಲಿಗೆ ತುದಿಗೆ ಬಂದು ಅಲ್ಲೇ ನಿಂತಿತು. ಹೆದರಿದ್ದು ದಳದವರಿಗಾ, ಆ ನೀರಿಗಾ, ಇವತ್ತಿಗೂ ತಿಳಿಯದು.

ಚಾಚಾ ನನ್ನ ಮುಖವನ್ನೇ ನೋಡಿದರು. ಆಮೇಲೆ ಲೋಟ ಎತ್ತಿ ಗಟಗಟ ಕುಡಿದರು. ಅರ್ಧ ನೀರು ಗಡ್ಡದ ಮೇಲೆ ಚೆಲ್ಲಿತು. ಕೀಲಿ ಕೆಳಗಿಳಿಯಿತು.

ನನ್ನ ಹಿಂದೆ ನಿಂತಿದ್ದ ಓರಗಿತ್ತಿ ಕಿವಿಯಲ್ಲಿ ಪಿಸುಗುಟ್ಟಿದಳು: "ನೋಡಿದ್ಯಾ ಅಕ್ಕ? ತನ್ನ ದೇವರಿಗೇ ನಿಯತ್ತಿಲ್ಲದವನು, ಇನ್ನು ನಮಗೆ ಇರ್ತಾನಾ?"

ನಾನು ಹೂಂ ಎಂದುಬಿಟ್ಟೆ. ಎಂದು, ಕೊಡವನ್ನು ನಲ್ಲಿಗೆ ಹಿಡಿದೆ.