ಮಾಗೆತ್ ಗೇಯೆ ಹುಡುಕಿದ ಮುಖ

ಮಾಗೆತ್ ಗೇಯೆಯ ಸ್ಟುಡಿಯೋಗೂ ನನ್ನ ಅಂಗಡಿಗೂ ನಡುವೆ ಇರುವುದು ಒಂದೇ ಗೋಡೆ. ಅವಳು ಫೋಟೋ ತೆಗೆಯುತ್ತಾಳೆ, ನಾನು ಅದಕ್ಕೆ ಗಾಜು ಕತ್ತರಿಸಿ ಕಟ್ಟು ಹಾಕುತ್ತೇನೆ. ನಾನು ಅಲಸಾನ್ ಫಾಲ್. ಕಡಲಂಚಿನ ನಮ್ಮ ನ್ದಾರ್ ಊರಿನಲ್ಲಿ ಫಾಲ್ ಮನೆತನದವರೂ ಗೇಯೆ ಮನೆತನದವರೂ ಎದುರಾದರೆ ಒಬ್ಬರನ್ನೊಬ್ಬರು ಹಂಗಿಸಲೇಬೇಕು. ಹಂಗಿಸದೆ ಮುಂದೆ ಹೋದರೆ ಏನೋ ಮನಸ್ತಾಪವಾಗಿದೆ ಎಂದು ಜನ ಗುಸುಗುಸು ಶುರುಮಾಡುತ್ತಾರೆ.

"ಏನಣ್ಣಾ ಹೊಟ್ಟೆಬಾಕ, ಬೆಳಿಗ್ಗೇನೇ ಎಷ್ಟು ತಟ್ಟೆ ಮೀನು-ಅನ್ನ ಇಳಿಸ್ದೆ?" ಎಂದು ಬೀಗ ತೆಗೆಯುತ್ತಲೇ ಅವಳು ಕೂಗುತ್ತಾಳೆ.

"ತಳ ಹಿಡಿದಿದ್ದು ಉಳಿದಿದೆ. ನಮ್ಮನೆ ಆಳಲ್ವಾ ನೀನು, ಹೋಗಿ ಕೆರ್ಕೊಂಡು ತಿನ್ನು!"

ಹನ್ನೊಂದು ವರ್ಷದಿಂದ ನಮ್ಮ ದಿನ ಶುರುವಾಗುವುದೇ ಹೀಗೆ. ಅವಳಿಗೆ ಜ್ವರ ಬಂದು ವಾರ ಅಂಗಡಿ ಮುಚ್ಚಿದ್ದಾಗ ನನಗೆ ಬೈಸಿಕೊಳ್ಳದೆ ಊಟವೇ ಸೇರಲಿಲ್ಲ.

ಅವಳು ಶುರುಮಾಡಿದ್ದು ಗುರುತಿನ ಚೀಟಿಯ ಫೋಟೋಗಳಿಂದ. ಕಚೇರಿಯವರಿಗೆ ನಗುವ ಮುಖ ಆಗುವುದಿಲ್ಲ. ಹಾಗಾಗಿ ಊರಿನವರೆಲ್ಲ ಅವಳ ಸ್ಟೂಲಿನ ಮೇಲೆ ಕೂತು ಮುಖ ಗಂಟುಹಾಕಿಕೊಳ್ಳುತ್ತಿದ್ದರು. ಕ್ಲಿಕ್ಕಿಸಿ "ಆಯ್ತು" ಎನ್ನುತ್ತಿದ್ದಳು. ಕೂತವರು ಉಸಿರು ಬಿಟ್ಟು, ಹೆಗಲು ಇಳಿಸಿ, ಏನೋ ಒಂದು ಮಾತಾಡಿ ನಗುವಷ್ಟರಲ್ಲಿ ಇನ್ನೊಂದು ಸಲ ಕ್ಲಿಕ್! ಮೊದಲನೆಯದು ಸರ್ಕಾರಕ್ಕೆ, ಎರಡನೆಯದು ತನಗೆ. ಆ ಎರಡನೆಯವನ್ನು ಬಟ್ಟೆ ಒಣಹಾಕುವ ಹಗ್ಗಕ್ಕೆ ಕ್ಲಿಪ್ಪು ಸಿಕ್ಕಿಸಿ ರಸ್ತೆಗೇ ತೂಗುಹಾಕಿದಳು. ಮೀನಿನ ಬುಟ್ಟಿ ಹೊತ್ತ ಹೆಂಗಸರು ನಿಂತು, "ಅಯ್ಯೋ, ಇದು ನಾನೇನೇ? ಇಷ್ಟು ಚೆನ್ನಾಗಿದೀನಾ?" ಎಂದು ಕೇಳುವುದನ್ನು ನೋಡಿ ನನಗೂ ಖುಷಿಯಾಗುತ್ತಿತ್ತು. ಅವಳಿಗೆ ಮಾತ್ರ ಹೇಳಲಿಲ್ಲ, ಹೇಳಿದರೆ ತಲೆ ಮೇಲೆ ಕೂರುತ್ತಿದ್ದಳು.

ಆಮೇಲೆ ಕ್ಯಾಮೆರಾ ಹಿಡಿದು ಮನೆಗಳೊಳಗೆ ಹೋದಳು. ಒಂದೇ ಒಲೆಗೆ ಸರದಿ ಹಾಕಿಕೊಂಡ ಸವತಿಯರನ್ನು ತೆಗೆದಳು. ದೋಣಿ ಹತ್ತಿ ಸ್ಪೇನಿಗೆ ಹೋದ ಗಂಡನ ಫೋನಿಗೆ ಕಾಯುವವಳನ್ನು ತೆಗೆದಳು. ಸಮುದ್ರ ಗೋಡೆ ಕಿತ್ತುಕೊಂಡು ಹೋದ ಮನೆಗಳಲ್ಲಿ, ಸೂರಿಲ್ಲದ ಕೋಣೆಯಲ್ಲಿ, ಹಬ್ಬದ ಬಟ್ಟೆ ತೊಟ್ಟು ನೆಟ್ಟಗೆ ನಿಂತ ಸಂಸಾರಗಳನ್ನು ತೆಗೆದಳು. ಅವುಗಳನ್ನು ಒಮ್ಮೆ ರಾಜಧಾನಿ ದಾಕಾರಿಗೆ ತರಿಸಿ ಬೆಳ್ಳನೆಯ ಗೋಡೆಗಳಿಗೆ ಹಾಕಿಸಿದರು. ಕನ್ನಡಕದ ದೊಡ್ಡಮನುಷ್ಯರೊಬ್ಬರು, ಈ ಹೆಂಗಸಿನ ಚಿತ್ರದ ಅರ್ಥವೇನು ಎಂದು ಕೇಳಿದರಂತೆ. "ಅವ್ಳ ನಂಬರ್ ಕೊಡ್ತೀನಿ ಸಾರ್, ಅವ್ಳನ್ನೇ ಕೇಳಿ" ಎಂದು ಇವಳು ಬರೆದುಕೊಟ್ಟೇ ಬಂದಳು.

ಅವಳು ಮಾಡಿದ ಇನ್ನೊಂದು ಕೆಲಸವೆಂದರೆ ಖೊಯ್ಮೆತ್ ಎಂಬ ಹಳೆಯ ಮದುವೆ ಪದ್ಧತಿಯನ್ನು ಎಬ್ಬಿಸಿ ಕೂರಿಸಿದ್ದು. ನಮ್ಮ ಅಜ್ಜಿಯರ ಕಾಲದಲ್ಲಿ ಮದುವಣಗಿತ್ತಿಯ ಕೋಣೆಯ ಗೋಡೆಗಳನ್ನು ನೆಲದಿಂದ ಸೂರಿನವರೆಗೆ ಫೋಟೋಗಳಿಂದ ಮುಚ್ಚುತ್ತಿದ್ದರು. ತಮ್ಮ ಮನೆಯವು ಸಾಲದಿದ್ದರೆ ನೆಂಟರಿಂದ, ಅಕ್ಕಪಕ್ಕದವರಿಂದ ಕೇಳಿ ತರುತ್ತಿದ್ದರು. ಹುಡುಗಿಯ ಹಿಂದೆ ಇಷ್ಟು ಜನ ಇದ್ದೇವೆ ಎಂದು ಗಂಡಿನ ಕಡೆಯವರಿಗೆ ಗೊತ್ತಾಗಬೇಕಲ್ಲ! ಮೊಬೈಲು ಬಂದ ಮೇಲೆ ಆ ರೂಢಿ ಅರ್ಧ ಸತ್ತಿತ್ತು. ಈಗ ಮಾಗೆತ್ ದೆಸೆಯಿಂದ ಮತ್ತೆ ಶುರುವಾಗಿ, ನನಗೂ ಕೈತುಂಬ ಕೆಲಸ.

ಹೋದ ವರ್ಷ ಮಳೆಗಾಲ ಮುಗಿದ ಮೇಲೆ ರೋಖಯಾ ಎಂಬ ಹುಡುಗಿ ಬಂದಳು. ಇಪ್ಪತ್ತರ ವಯಸ್ಸು. ಬೆಸ್ತರ ಕೇರಿಯಲ್ಲಿದ್ದ ಅವಳ ಮನೆಯನ್ನು ಐದು ವರ್ಷದ ಹಿಂದೆ ಸಮುದ್ರ ನುಂಗಿತ್ತು; ಈಗ ಊರಾಚೆಯ ಶೆಡ್ಡುಗಳಲ್ಲಿ ಸೋದರತ್ತೆ ಸೈನಬು ಜೊತೆಗಿದ್ದಳು. ಮದುವೆಗೆ ಒಂಬತ್ತು ದಿನ ಉಳಿದಿತ್ತು.

"ಅಕ್ಕಾ, ನನ್ನ ಗೋಡೆಗೆ ಒಂದೇ ಒಂದು ಫೋಟೋ ಸಾಕು," ಎಂದಳು. "ನಮ್ಮಮ್ಮಂದು. ನಂಗೆ ಒಂದು ವರ್ಷ ಇದ್ದಾಗ ತೀರ್ಕೊಂಡ್ಲು. ಇದ್ದ ಫೋಟೋಗಳೆಲ್ಲ ಮನೆ ಜೊತೆ ಹೋದ್ವು. ಎಲ್ಲಾರೂ ನೀನು ಥೇಟ್ ನಿಮ್ಮಮ್ಮ ಅಂತಾರೆ. ಹೌದೋ ಅಲ್ವೋ ನಾನೇ ಒಂದ್ಸಲ ನೋಡ್ಬೇಕು. ಅವ್ಳಿಲ್ದೆ ಮದುವಣಗಿತ್ತಿ ಕೋಣೆ ಕಟ್ಕೊಂಡು ಏನ್ಮಾಡ್ಲಿ?"

"ತಂದ್ಕೊಡ್ತೀನಿ," ಎಂದುಬಿಟ್ಟಳು ಮಾಗೆತ್.

ಹುಡುಗಿ ಹೋದ ಮೇಲೆ ನಾನು ರೇಗಿದೆ. "ಸಮುದ್ರಕ್ಕಿಳಿದು ತರ್ತೀಯಾ? ಗೇಯೆಗಳಿಗೆ ನಾಲಗೆ ಮೇಲೆ ಹಿಡಿತ ಯಾವತ್ತು ಇತ್ತು!"

"ಬಾಯ್ಮುಚ್ಕೊಂಡು ಚೀಲ ಹಿಡ್ಕೊ, ನಡಿ."

ಮನೆಮನೆ ಸುತ್ತಿದೆವು. ಆಗ ಬಯಲಾಯಿತು ನೋಡಿ ಊರಿನ ಬಂಡವಾಳ! ಯಾವ ಮನೆಗೆ ಹೋದರೂ ಗೋಡೆಯ ಮೇಲೆ, ಪೆಟ್ಟಿಗೆಯ ತಳದಲ್ಲಿ, ಬೇರೆಯವರ ಮನೆಯ ಮುಖಗಳು. ಮೂವತ್ತು ವರ್ಷದ ಹಿಂದೆ ಯಾರದೋ ಮದುವೆಗೆಂದು ತಂದವು, ವಾಪಸು ಹೋಗಿರಲೇ ಇಲ್ಲ. "ಕದ್ದಿದ್ದಲ್ಲಮ್ಮಾ, ಹಂಗೇ ಉಳ್ಕೊಂಡಿದ್ದು" ಎಂದು ಅಜ್ಜಿಯೊಬ್ಬಳು ಸೆರಗಿನಲ್ಲಿ ಮುಖ ಮುಚ್ಚಿಕೊಂಡಳು. ನಾನು ಮೂಗು ಮುರಿದೆ. ಸಂಜೆ ನನ್ನ ಹೆಂಡತಿಯ ಪೆಟ್ಟಿಗೆಯಿಂದಲೇ ಮೂರು ಹೊರಬಂದಾಗ ಮಾಗೆತ್ ನೆಲದ ಮೇಲೆ ಕೂತು ಹೊಟ್ಟೆ ಹಿಡಿದುಕೊಂಡು ನಕ್ಕಳು. ಆ ಮೂರರಲ್ಲಿ ಒಂದು ರೋಖಯಾಳ ಅಜ್ಜನದು. ಹೀಗೇ ಅವಳ ಅಪ್ಪ ಕುಸ್ತಿಯವರ ನಡುವೆ ನಿಂತದ್ದು ಸಿಕ್ಕಿತು. ಸೈನಬು ಅತ್ತೆ ಹದಿನಾರರಲ್ಲಿ ರೇಡಿಯೋ ತಬ್ಬಿಕೊಂಡದ್ದೂ ಸಿಕ್ಕಿತು. ಆರು ದಿನದಲ್ಲಿ ನಲವತ್ತೊಂದು. ಸಮುದ್ರಕ್ಕೆ ಹೋಯಿತೆಂದುಕೊಂಡ ಸಂಸಾರ ಊರತುಂಬ ಹಂಚಿಹೋಗಿ ಭದ್ರವಾಗಿ ಕೂತಿತ್ತು.

ಅಮ್ಮ ಮಾತ್ರ ಇರಲಿಲ್ಲ. ನದಿಯ ಮೇಲ್ಭಾಗದ ಊರಿನಿಂದ ಬಂದ ನಾಚಿಕೆಯ ಹೆಣ್ಣಂತೆ, ಕ್ಯಾಮೆರಾ ಕಂಡರೆ ಒಳಗೆ ಓಡುತ್ತಿದ್ದಳಂತೆ. ಏಳನೆಯ ದಿನ ಒಬ್ಬ ಮುದುಕಿ ನೆನಪಿಸಿಕೊಂಡಳು. "ಒಂದೇ ಸಲ, ಹಬ್ಬದ ದಿನ, ಅವ್ಳ ಸವತಿ ಕೋದು ಬಲವಂತ ಮಾಡಿ ಜೊತೇಲಿ ಫೋಟೋಗೆ ನಿಲ್ಲಿಸ್ಕೊಂಡಿದ್ಲು. ಇದ್ರೆ ಅವ್ಳ ಹತ್ರಾನೇ ಇರ್ಬೇಕು."

ಕೋದು ಎಂಬ ಹೆಸರು ಕೇಳಿ ಸೈನಬು ಕೆಂಡವಾದಳು. "ಆ ಹೆಂಗಸಿನ ಮನೆಗೆ ಹೋದ್ರೆ ನನ್ ಹೊಸಲು ತುಳೀಬೇಡಿ!" ಅವಳ ತಮ್ಮ, ಅಂದರೆ ರೋಖಯಾಳ ಅಪ್ಪ, ಸತ್ತಾಗ ಮಗುವಿಗೆ ಮೂರು ವರ್ಷ. ಹೆತ್ತವಳು ಹೋದ ಮೇಲೆ ಸಾಕಿದವಳು ಕೋದುವೇ. ಆದರೆ ಮಗು ನಮ್ಮ ಮನೆತನದ್ದು ಎಂದು ಸೈನಬು ಕೋದುವಿನ ಮಡಿಲಿನಿಂದ ಎತ್ತಿಕೊಂಡಿದ್ದಳು. ಬಾಯಿಗೆ ಬಂದ ಮಾತುಗಳಾದವು. ಕೋದು ಬರಿಗೈಯಲ್ಲಿ ಸೇತುವೆ ದಾಟಿ ಹೋದವಳು ಹದಿನೇಳು ವರ್ಷ ಈ ಕಡೆ ತಲೆ ಹಾಕಿರಲಿಲ್ಲ.

ಮಾಗೆತ್ ಅದನ್ನೆಲ್ಲ ಕಿವಿ ಮೇಲೆ ಹಾಕಿಕೊಳ್ಳದೆ ಹೋದಳು, ಜೊತೆಗೆ ನಾನೂ. ಸೇತುವೆಯಾಚೆಯ ಸಂತೆಯ ಹಿಂದೆ ಕೋದು ಒಣಮೀನು ಮಾರಿಕೊಂಡಿದ್ದಳು. "ಫೋಟೋನೂ ಇಲ್ಲ, ಏನೂ ಇಲ್ಲ" ಎಂದವಳು, ಮರ್ಯಾದೆಗೆ ಚಹಾ ಕಾಯಿಸಿದಳು. ನಮ್ಮಲ್ಲಿ ಚಹಾ ಎಂದರೆ ಮೂರು ಲೋಟ. ನಡುವೆ ಎದ್ದು ಹೋಗುವಂತಿಲ್ಲ, ಎಬ್ಬಿಸಿ ಕಳಿಸುವಂತೆಯೂ ಇಲ್ಲ. ಮೂರನೆಯ ಲೋಟಕ್ಕೆ ಅವಳೇ ಬಾಯಿಬಿಟ್ಟಳು.

"ಇದೆ. ಕುಪ್ಪಸದಲ್ಲಿ ಬಚ್ಚಿಟ್ಕೊಂಡು ಕದ್ದು ತಂದೆ. ಕೊಡಲ್ಲ. ಈ ಊರಲ್ಲಿ ಕೊಟ್ಟ ಫೋಟೋ ಯಾರು ವಾಪಸ್ ಮಾಡಿದಾರೆ?"

"ಮೊಬೈಲಲ್ಲಿ ಅದರ ಫೋಟೋ ಹೊಡ್ಕೊಂಡು ಹೋಗೋಣ ಬಾರೇ," ಎಂದೆ. ಮಾಗೆತ್ ನನ್ನ ಕಾಲು ತುಳಿದಳು.

"ಕೊಡ್ಬೇಡ ಚಿಕ್ಕಮ್ಮಾ," ಎಂದಳು. "ನೀನೇ ತಗೊಂಡ್ಬಾ. ನಿನ್ ಕೈಯಾರೆ ನೇತುಹಾಕು. ಮದುವೆ ಮುಗಿಯೋವರ್ಗೂ ಅದರ ಕೆಳಗೇ ಕೂತ್ಕೋ. ಮುಗಿದ್ಮೇಲೆ ತಗೊಂಡೇ ಹೋಗು."

ಕೋದು ಖಾಲಿ ಲೋಟಗಳನ್ನು ತೊಳೆಯುತ್ತಾ ಕೂತಳು. ಬರುತ್ತೇನೆ ಎನ್ನಲಿಲ್ಲ.

ವಾಪಸಾಗುವಾಗ ನಾನು ಬೈದೆ. ಕೈಗೆ ಬಂದದ್ದನ್ನು ಬಿಟ್ಟು ಬಂದಳು, ಆ ಹುಡುಗಿಗೆ ಈಗ ಏನು ಹೇಳುವುದು? ಮಾಗೆತ್ ಎಂದೂ ಇಲ್ಲದೆ ಬೈಸಿಕೊಂಡೇ ನಡೆದಳು. ಅವಳಿಗೂ ಹೆದರಿಕೆಯಾಗಿತ್ತು.

ಮದುವೆಯ ದಿನ ಶೆಡ್ಡಿನ ಗೋಡೆಗಳ ಮೇಲೆ ನಲವತ್ತೊಂದು ಮುಖ. ಫೋಟೋ ಕೊಟ್ಟವರೆಲ್ಲ ತಮ್ಮದು ಎಲ್ಲಿದೆ ಎಂದು ನೋಡಲು ನುಗ್ಗಿ, ಅಜ್ಜನ ಟೋಪಿಗೆ ನಗಾಡಿ, ರೇಡಿಯೋ ತಬ್ಬಿಕೊಂಡ ಸೈನಬುವನ್ನು ಗೋಳುಹೊಯ್ದುಕೊಂಡು, ಗದ್ದಲವೋ ಗದ್ದಲ. ಹೊರಗೆ ಡೋಲು, ಮೂರು ಹಂಡೆ ಮೀನು-ಅನ್ನ. ಮಂಚದ ಮೇಲಿನ ಗೋಡೆಯಲ್ಲಿ ಒಂದು ಜಾಗ ಖಾಲಿ ಬಿಟ್ಟಿದ್ದೆವು. ರೋಖಯಾ ಮುಸುಕಿನೊಳಗಿಂದ ಅದನ್ನೇ ನೋಡುತ್ತಿದ್ದಳು.

ಮಧ್ಯಾಹ್ನದ ನಮಾಜು ಮುಗಿದ ಮೇಲೆ ಕುದುರೆಗಾಡಿಯಿಂದ ಕೋದು ಇಳಿದಳು, ಎದೆಗೆ ಒಂದು ಬಟ್ಟೆಯ ಗಂಟು ಅವುಚಿಕೊಂಡು. ಡೋಲು ನಿಂತಿತು. ಸೈನಬು ಬಾಗಿಲಿಗೆ ಅಡ್ಡ ನಿಂತಳು. ಕೋದು ಗಂಟು ಬಿಚ್ಚಿ ಫೋಟೋವನ್ನು ಮುಂದೆ ಹಿಡಿದಳು. ಸೈನಬು ನೋಡಿದಳು, ನೋಡುತ್ತಲೇ ನಿಂತಳು. ಅವಳ ತೋಳಿನ ಕೆಳಗಿಂದ ಮದುವಣಗಿತ್ತಿ ನುಸುಳಿ ಹೊರಬಂದಳು.

ಒಂದೇ ಥಾನಿನ ಬಟ್ಟೆ ಉಟ್ಟ ಇಬ್ಬರು ಹೆಂಗಸರು. ಒಬ್ಬಳು ಕೂತಿದ್ದಾಳೆ, ಅವಳ ತೊಡೆಯ ಮೇಲೊಂದು ಮಗು. ಇನ್ನೊಬ್ಬಳು ಹಿಂದಿನಿಂದ ಬಾಗಿ, ಕೂತವಳ ಹೆಗಲ ಮೇಲೆ ಗಲ್ಲವಿಟ್ಟು, ಕಣ್ಣು ಮುಚ್ಚಿಹೋಗುವಷ್ಟು ನಗುತ್ತಿದ್ದಾಳೆ.

ರೋಖಯಾ ಒಂದು ಮುಖದಿಂದ ಇನ್ನೊಂದಕ್ಕೆ ಬೆರಳು ಸರಿಸಿ ನೋಡಿದಳು. ಆಮೇಲೆ ಮೆಲ್ಲಗೆ ಕೇಳಿದಳು.

"ಇದ್ರಲ್ಲಿ ನಮ್ಮಮ್ಮ ಯಾರು?"

ಉತ್ತರ ಕೊಟ್ಟವಳು ಸೈನಬು.

"ಇಬ್ಬರೂನೂ ಕಣೇ," ಎಂದಳು. "ನಗ್ತಿರೋಳು ಹೆತ್ತೋಳು. ಎತ್ಕೊಂಡಿರೋಳು ಸಾಕಿದೋಳು. ನಾನು ಕಿತ್ಕೊಂಡೆ."

ನನ್ನ ಕಣ್ಣು ಮಂಜಾಯಿತು; ಸುಳ್ಳೇಕೆ ಹೇಳಲಿ, ಬಿಕ್ಕಿಬಿಟ್ಟೆ. ಪಕ್ಕದಲ್ಲಿ ಮಾಗೆತ್ ಮೂಗು ಸೊರಸೊರ ಎಳೆಯುತ್ತಲೇ ಕ್ಲಿಕ್ಕಿಸುತ್ತಿದ್ದಳು, ಒಂದರ ಮೇಲೊಂದು.

"ಚಿಕ್ಕಮ್ಮಾ," ಎಂದಳು ರೋಖಯಾ, "ನಾನು ನಕ್ರೆ ಇವ್ಳ ಥರಾನೇ ಕಾಣ್ತೀನಾ?"

"ನಕ್ಕು ತೋರ್ಸು, ಹೇಳ್ತೀನಿ."

ನಗಲು ಹೋಗಿ ಅತ್ತಳು. ತನ್ನ ಅಳುವಿಗೆ ತಾನೇ ನಾಚಿ, ಆಮೇಲೆ ನಿಜವಾಗಿಯೂ ನಕ್ಕಳು, ಕಣ್ಣು ಮುಚ್ಚಿಹೋಗುವಷ್ಟು. ಕೋದು ಎರಡೂ ಕೈಗಳಲ್ಲಿ ಆ ಮುಖ ಹಿಡಿದುಕೊಂಡಳು.

"ಹೂಂ ಕಣಮ್ಮಾ," ಎಂದಳು. "ಹಿಂಗೇ ನಗ್ತಿದ್ಲು."